ಹಾರಬಲ್ಲ ವಿಮಾನವನ್ನು ಕೈಬಿಡುವುದೇಕೆ?

ಪ್ರಶ್ನೆ (ಗೋಕುಲ ರಸ್ತೆ, ಹುಬ್ಬಳ್ಳಿ): ನಮ್ಮ ಮಹಡಿಯಿಂದ ದಿನವೂ ವಿಮಾನಗಳನ್ನು ನೋಡುತ್ತೇನೆ. ಹಳೆಯ ಏರ್‌ಬಸ್ ಎ320 ಮತ್ತು ಎ320 ನಿಯೋ ಬಹುತೇಕ ಒಂದೇ ತೆರನಾಗಿ ಕಾಣುತ್ತಿರುವಾಗ, ಇನ್ನೂ ಹಾರಬಲ್ಲ ವಿಮಾನವನ್ನು ಬಿಟ್ಟು ಹೊಸದನ್ನು ತರುವುದೇಕೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಧಾರವಾಡ): ಮುಖ್ಯ ಕಾರಣ ಇಂಧನ, ಸರ್. 2016ರಲ್ಲಿ ಸೇವೆಗೆ ಬಂದ ನಿಯೋದ ಒಡಲು ಬಹುಪಾಲು ಹಳೆಯದೇ, ಬದಲಾದದ್ದು ಎಂಜಿನ್. ಅದರ ಫ್ಯಾನು ದೊಡ್ಡದಾಗಿದ್ದು, ಹೆಚ್ಚಿನ ಗಾಳಿಯನ್ನು ಉರಿಯುವ ಭಾಗದೊಳಗೆ ಬಿಡದೆ ಹೊರಗಿನಿಂದಲೇ ಹಿಂದಕ್ಕೆ ತಳ್ಳುವುದರಿಂದ ಸುಮಾರು 15 ಪ್ರತಿಶತ ಇಂಧನ ಉಳಿಯುತ್ತದೆ, ಸದ್ದೂ ತಗ್ಗುತ್ತದೆ. ನಿಮ್ಮ ಮಹಡಿಯಿಂದಲೇ ಎಂಜಿನ್ನಿನ ದಪ್ಪವನ್ನು ಗಮನಿಸಿದರೆ ವ್ಯತ್ಯಾಸ ತಿಳಿದೀತು.

ಉತ್ತರ (ಗದಗ): ಇಂಧನವೊಂದನ್ನೇ ಹೇಳಿದರೆ ಸಾಲದು. ಕೆಲವು ವರ್ಷಗಳಿಗೊಮ್ಮೆ ವಿಮಾನವನ್ನು ಬಹುಮಟ್ಟಿಗೆ ಬಿಚ್ಚಿ ಪರೀಕ್ಷಿಸುವ ಡಿ-ಚೆಕ್ ಬಲು ದುಬಾರಿಯಾದ್ದರಿಂದ, ಅದರ ಸರದಿ ಬರುವ ಮೊದಲೇ ಹಲವು ಕಂಪನಿಗಳು ಬಾಡಿಗೆಗೆ ಪಡೆದ ವಿಮಾನಗಳನ್ನು ಹಿಂದಿರುಗಿಸುತ್ತವೆ. ಹಾಗೆ ಬಿಟ್ಟವೆಲ್ಲ ಗುಜರಿಗೆ ಹೋಗುವುದಿಲ್ಲ. ಕೆಲವು ಸರಕು ಸಾಗಿಸುತ್ತ ಇನ್ನೂ ಹಲವು ವರ್ಷ ದುಡಿಯುತ್ತವೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಹಾಗಾದರೆ ರೆಕ್ಕೆಯ ಮುಂದೆ ಪ್ರೊಪೆಲ್ಲರ್ ತಿರುಗುವ ಚಿಕ್ಕ ಎಟಿಆರ್ ವಿಮಾನಗಳೂ ಮರೆಯಾಗುತ್ತವೆಯೇ?

ಉತ್ತರ (ಧಾರವಾಡ): ಸದ್ಯಕ್ಕಿಲ್ಲ. ಕಡಿಮೆ ದೂರಕ್ಕೆ ಜೆಟ್‌ಗಿಂತ ಅವುಗಳಿಗೇ ಇಂಧನ ಕಡಿಮೆ ಸಾಕು.