ಹುವಾಚಿಂಗ್ ಕೊಳ ಯಾರ ಪ್ರೀತಿಯದ್ದು? ನಮ್ಮ ಮನೆ ಗುಂಪಿನ ವಾದ

ದೊಡ್ಡಪ್ಪ: ಈ ವಿಡಿಯೊ ಎಲ್ಲರೂ ನೋಡಿ. ಚೀನಾದ ಶಿಯಾನ್ ಹತ್ತಿರದ ಹುವಾಚಿಂಗ್ ಬಿಸಿನೀರಿನ ಕೊಳ. ದೊರೆ ತನ್ನ ರಾಣಿಯ ಮೇಲಿನ ಪ್ರೀತಿಗೆ ಕಟ್ಟಿಸಿದ್ದಂತೆ.

ಅತ್ತೆ: ಎಷ್ಟು ಚೆನ್ನಾಗಿದೆ ಅಣ್ಣ! ನಮ್ಮ ತಾಜ್ ಮಹಲ್ ಇದ್ದ ಹಾಗೆ.

ಪುಟ್ಟಿ: ದೊಡ್ಡಪ್ಪ, ನಾನು ಅಲ್ಲಿಗೆ ಹೋಗಿ ಬಂದಿದ್ದೇನೆ. ವಿಡಿಯೊದಲ್ಲಿ ಹೇಳಿದ್ದು ಸರಿಯಿಲ್ಲ. ಲಿಶಾನ್ ಬೆಟ್ಟದ ಬುಡದಲ್ಲಿ ತಾಂಗ್ ವಂಶದ ದೊರೆ ತೈಝೊಂಗ್ 644ರಲ್ಲೇ ಅರಮನೆ ಕಟ್ಟಿಸಿದ್ದ. ವಿಡಿಯೊದಲ್ಲಿರೋ ರಾಣಿ ಯಾಂಗ್ ಗುಯ್‌ಫೆ ಹುಟ್ಟಿದ್ದೇ 719ರಲ್ಲಿ. ಅವಳ ದೊರೆ ಶ್ವಾನ್‌ಝೊಂಗ್ ಅದನ್ನು ದೊಡ್ಡದು ಮಾಡಿಸಿ 747ರಲ್ಲಿ ಹುವಾಚಿಂಗ್ ಎಂದು ಹೆಸರಿಟ್ಟ, ಅಷ್ಟೇ.

ಅತ್ತೆ: ಅಷ್ಟೇ ಅಂದ್ರೆ? ಅವಳಿಗೆ ಅಂತಾನೇ ಹೂವಿನ ಆಕಾರದ ಕೊಳ ಮಾಡಿಸಿದ್ದಾನಲ್ಲ?

ಪುಟ್ಟಿ: ಅದು ನಿಜ ಅತ್ತೆ. 1980ರ ದಶಕದಲ್ಲಿ ನೆಲ ಅಗೆದಾಗ ಸಿಕ್ಕಿತು. ಸುಮಾರು ಮೂರೂವರೆ ಮೀಟರ್ ಉದ್ದದ ಕಲ್ಲಿನ ಕೊಳ, ಅಂಚೆಲ್ಲ ಹೂವಿನ ಎಸಳಿನ ಹಾಗೆ ಬಾಗಿದೆ. ಈಗ ಒಣಗಿದೆ. ಹೊರಗೆ ಬುಗ್ಗೆಯ ನೀರು ಇವತ್ತಿಗೂ 43 ಡಿಗ್ರಿ ಬಿಸಿ. ಕೈ ಒಡ್ಡಿದರೆ ತೆಗೆಯೋಕೇ ಮನಸ್ಸಾಗಲ್ಲ.

ಆದರೆ ಅವಳು ಮೊದಲು ಅವನ ಮಗನ ಹೆಂಡತಿ. ಅಲ್ಲಿಂದ ಬಿಡಿಸಿ, ತಾವೊ ಪಂಥದ ಸನ್ಯಾಸಿನಿ ಮಾಡಿಸಿ, ಆಮೇಲೆ 745ರಲ್ಲಿ ಗುಯ್‌ಫೆ ಎಂಬ ರಾಣಿ ಪದವಿ ಕೊಟ್ಟ. ಅವನಿಗೆ ಅರವತ್ತು, ಅವಳಿಗೆ ಇಪ್ಪತ್ತಾರು. ಕವಿ ಬಾಯ್ ಜುಯಿ 806ರಲ್ಲಿ ಬರೆದ ಹಾಡಿನಲ್ಲೂ ದೊರೆ ಅವಳಿಗೆ ಸ್ನಾನವನ್ನು ‘ದಯಪಾಲಿಸಿದ’ ಎಂದೇ ಇದೆ. ಅವಳ ಮನಸ್ಸನ್ನು ಯಾರು ಕೇಳಿದರು?

ದೊಡ್ಡಪ್ಪ: ಆ ಕಾಲದ ಅರಮನೆಗೆ ಈ ಕಾಲದ ಪ್ರಶ್ನೆ ಕೇಳಬಾರದಮ್ಮ.

ಪುಟ್ಟಿ: ಮಾವೆಯ್ ಎಂಬ ಜಾಗದಲ್ಲಿ ನಡೆದದ್ದೂ ಆ ಕಾಲದಲ್ಲೇ ದೊಡ್ಡಪ್ಪ. 755ರ ಕೊನೆಗೆ ಸೇನಾಪತಿ ಆನ್ ಲುಶಾನ್ ದಂಗೆ ಎದ್ದ. ಮರುವರ್ಷ ದೊರೆ ರಾಜಧಾನಿ ಬಿಟ್ಟು ಓಡುವಾಗ ಸೈನಿಕರು ದಾರಿಯಲ್ಲೇ ನಿಂತರು. ಮಂತ್ರಿಯಾಗಿದ್ದ ಅವಳ ದಾಯಾದಿ ಅಣ್ಣನನ್ನು ಕೊಂದರು. ಅವಳೂ ಸಾಯಬೇಕು ಎಂದರು. ದೊರೆ ಒಪ್ಪಿದ. ಕತ್ತು ಬಿಗಿದು ಕೊಂದರು, ಅವಳಿಗಿನ್ನೂ 37. ಆನ್ ಲುಶಾನ್ ಕೈಗೆ ಮೂರು ಗಡಿ ಪ್ರಾಂತ್ಯಗಳ ಸೈನ್ಯ ಕೊಟ್ಟವನು ದೊರೆ. ಪ್ರಾಣ ಕೊಟ್ಟವಳು ಇವಳು.

ಅತ್ತೆ: ಒಪ್ಪದಿದ್ದರೆ ಅವನನ್ನೂ ಬಿಡುತ್ತಿರಲಿಲ್ಲ. ಅರ್ಧ ಕಥೆ ಹೇಳಬೇಡ, ನಾನೂ ಓದಿದ್ದೇನೆ. ರಾಜಧಾನಿಗೆ ವಾಪಸ್ ಬಂದ ಮೇಲೆ ಅವಳನ್ನು ಬೇರೆ ಕಡೆ ಮಣ್ಣು ಮಾಡಲು ಗುಟ್ಟಾಗಿ ಜನ ಕಳಿಸಿದ. ದೇಹ ಕರಗಿ ಹೋಗಿತ್ತು. ಮೈಮೇಲಿದ್ದ ಪರಿಮಳದ ಪುಟ್ಟ ಚೀಲ ಮಾತ್ರ ಹಾಗೇ ಇತ್ತು. ಅದನ್ನು ನೋಡಿ ಮುದುಕ ಸಂಕಟಪಟ್ಟ. ಅವಳ ಚಿತ್ರ ಬರೆಸಿ ಬೆಳಗ್ಗೆ, ಸಂಜೆ ನೋಡುತ್ತಿದ್ದ. ಇದು ಪ್ರೀತಿ ಅಲ್ವಾ?

ಪುಟ್ಟಿ: ಆ ಚೀಲದ ಕಥೆ ಓದಿದಾಗ ನನಗೂ ಗಂಟಲು ಕಟ್ಟಿತ್ತು ಅತ್ತೆ. ಅವನ ಸಂಕಟ ಸುಳ್ಳು ಅನ್ನಲ್ಲ. ಅದೊಂದನ್ನೇ ಹೇಳಿ ‘ಪ್ರೇಮದ ಕೊಳ’ ಅಂದರೆ ಅವಳಿಗೆ ಅನ್ಯಾಯ.

ದೊಡ್ಡಪ್ಪ: ಸರಿ. ನನ್ನ ಸ್ನೇಹಿತರ ಗುಂಪಿಗೆ ಮಾವೆಯ್ ವಿಷಯ ಸೇರಿಸಿ ಕಳಿಸುತ್ತೇನೆ. ಅವಳ ಹೆಸರು ಗುಯ್‌ಫೆ ಅಂತಲೇ ಬರೆಯಲಾ?

ಪುಟ್ಟಿ: ಅದು ಪದವಿ ದೊಡ್ಡಪ್ಪ. ಹೆಸರು ಯಾಂಗ್ ಯುಹ್ವಾನ್.

ಅತ್ತೆ: ಆ ಚೀಲದ ವಿಷಯ ಬಿಡಬೇಡಿ ಅಣ್ಣ.