ಅಪ್‌ಡೇಟ್: ಹಡಗಿನ ವಾಕರಿಕೆಗೆ ಕೈಪಟ್ಟಿ ಸಾಕಾಯಿತಾ?

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗುವಾಗ ಅಮ್ಮನಿಗೆ ವಾಕರಿಕೆ ಬಾರದಿರಲು ಮಣಿಕಟ್ಟಿನ ಹತ್ತಿರ ಗುಂಡಿಯಿಂದ ಒತ್ತುವ ಕೈಪಟ್ಟಿ ಸಾಕಾ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಈಗ ದಾವಣಗೆರೆಗೆ ವಾಪಸ್ ಬಂದಿದ್ದೇವೆ.

ಪಟ್ಟಿಯಿಂದ ಸ್ವಲ್ಪ ಹಾಯೆನಿಸಿತು ಎಂದರು ಅಮ್ಮ. ಅಲೆ ಜೋರಾದಾಗ ಅದೊಂದೇ ಸಾಲಲಿಲ್ಲ. ಅದರ ಗುಂಡಿ ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಬಿಟ್ಟು, ಅಂಗೈ ಬದಿಯ ಎರಡು ಗಟ್ಟಿ ಎಳೆಗಳ ನಡುವೆ ಒತ್ತಬೇಕು. ಎರಡೂ ಕೈಗೆ ಹಾಕಬೇಕು.

ನಿಜಕ್ಕೂ ಕೈಹಿಡಿದದ್ದು ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಡಾಕ್ಟರನ್ನು ಕೇಳಿ, ಹಡಗು ಹತ್ತುವ ಮೊದಲೇ ನುಂಗಿದ ಮಾತ್ರೆ. ನಿದ್ದೆ ಮಾತ್ರ ಜಾಸ್ತಿ. ನಿಂಬೆಹಣ್ಣು ಮೂಸಿದ್ದು ಸುಮ್ನೆ. ಒಣ ಮಂಡಕ್ಕಿ ಪರವಾಗಿಲ್ಲ, ಹೊಟ್ಟೆಯಲ್ಲಿ ನಿಂತಿತು.

ಗೊತ್ತಿರದ ವಿಷಯವೆಂದರೆ, ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ತೂಗಾಟ ಕಡಿಮೆ. ಕೊನೆಗೆ ವಾಂತಿ ಮಾಡಿಕೊಂಡದ್ದು ಮೊಬೈಲ್ ನೋಡುತ್ತಾ ಮಲಗಿದ್ದ ತಮ್ಮ. ಅವನ ಕೈಗೂ ಪಟ್ಟಿ ಇತ್ತು!