ಬರೋಲೊ ವೈನ್: ಬಣ್ಣ ತಿಳಿ, ಒಗರು ವಿಪರೀತ. ಬಾಟಲಿ ಕೆಟ್ಟಿದೆಯೇ?

ಪ್ರಶ್ನೆ:
2020ರ ಬರೋಲೊ ಬಾಟಲಿ ತೆರೆದು ನೇರ ಗ್ಲಾಸಿಗೆ ಸುರಿದದ್ದು. ಕೆಂಪು ತೀರಾ ತಿಳಿಯಾಗಿದೆ, ಅಂಚಿನಲ್ಲಿ ಇಟ್ಟಿಗೆ ಬಣ್ಣದ ಛಾಯೆ. ಮೊದಲ ಗುಟುಕಿಗೇ ಒಸಡು, ಕೆನ್ನೆಯ ಒಳಭಾಗ ಎಲ್ಲ ಒಣಗಿ ಬಿಗಿದುಕೊಳ್ಳುತ್ತಿದೆ. ಜೊತೆಗಿದ್ದದ್ದು ಟೊಮೆಟೊ ಸಾಸ್ ಪಾಸ್ತಾ, ಮೇಲೆ ಒಣಮೆಣಸಿನ ಚೂರು. ವೈನ್ ಕೆಟ್ಟಿದೆಯೇ? ಇನ್ನೊಂದು ಬಾಟಲಿ ಉಳಿದಿದೆ, ಅದಕ್ಕೆ ಯಾವ ಊಟ ಹೊಂದುತ್ತದೆ?

ಉತ್ತರ 1:
ಕೆಟ್ಟಿಲ್ಲ. ಬರೋಲೊ ಪೂರ್ತಿ ನೆಬ್ಬಿಯೋಲೊ ದ್ರಾಕ್ಷಿಯದೇ, ಬೇರೆ ತಳಿ ಬೆರೆಸುವಂತಿಲ್ಲ. ಈ ದ್ರಾಕ್ಷಿಯ ಸಿಪ್ಪೆಯಲ್ಲಿ ಬಣ್ಣ ಕಡಿಮೆ, ಇರುವ ಬಣ್ಣವೂ ಬೇಗ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಆದರೆ ಒಗರು ಕೊಡುವ ಟ್ಯಾನಿನ್ ಎಂಬ ಅಂಶ ಮಾತ್ರ ಹೇರಳ. ಅದು ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುಗುಣವನ್ನೇ ತೆಗೆದುಬಿಡುತ್ತದೆ. ನಿಮಗೆ ಗೊತ್ತಾದ ಒಗರು ಅದೇ. ನಿಜವಾಗಿ ಕೆಟ್ಟ ಬಾಟಲಿಯನ್ನು ಮೂಗು ಹಿಡಿಯುತ್ತದೆ: ಒದ್ದೆ ರಟ್ಟಿನ, ಬೂಷ್ಟು ಹಿಡಿದ ವಾಸನೆ ಬಂದರೆ ಕಾರ್ಕಿನ ದೋಷ, ಎಷ್ಟು ಹೊತ್ತು ಗಾಳಿಗಿಟ್ಟರೂ ಅದು ಹೋಗದು. ಒಣಗುಲಾಬಿ, ಚೆರಿ, ಡಾಂಬರಿನ ವಾಸನೆ ಇದ್ದರೆ ನೆಬ್ಬಿಯೋಲೊ ಸರಿಯಾಗಿಯೇ ಇದೆ.

ಇಟಲಿಯ ಪಿಯೆಮೊಂತೆ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ಬಳಿ ಲಾಂಗೆ ಗುಡ್ಡಗಳಿವೆ. ಅಲ್ಲಿನ 11 ಊರುಗಳ ತೋಟದ ವೈನಿಗೆ ಮಾತ್ರ ಬರೋಲೊ ಎಂಬ ಹೆಸರು. ಕೊಯ್ಲಿನ ವರ್ಷದ ನವೆಂಬರ್ 1ರಿಂದ ಲೆಕ್ಕ ಹಾಕಿ ಕನಿಷ್ಠ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಲೇಬಲ್ಲಿನಲ್ಲಿ ರಿಸೆರ್ವಾ (ಹೆಚ್ಚು ಕಾಲ ಮಾಗಿಸಿದ್ದು) ಎಂದು ಬರೆಯಲು 62 ತಿಂಗಳು ಬೇಕು. ಅಂದರೆ 2020ರದ್ದು ಮಾರಾಟಕ್ಕೆ ಬಂದದ್ದೇ 2024ರಲ್ಲಿ. ಬರೋಲೊ ಲೆಕ್ಕದಲ್ಲಿ ಅದಿನ್ನೂ ಎಳಸು.

ಉಳಿದ ಬಾಟಲಿಯ ಲೇಬಲ್ಲಿನಲ್ಲಿ ಊರಿನ ಹೆಸರಿದ್ದರೆ ನೋಡಿ. ಲಾ ಮೊರ್ರಾ ಊರಿನದು ಸಾಮಾನ್ಯವಾಗಿ ಮೆದು, ಬೇಗ ಕುಡಿಯಲು ಬರುತ್ತದೆ. ಸೆರ್ರಾಲುಂಗಾ ದ'ಆಲ್ಬಾದ್ದು ಬಿಗಿ, ಹತ್ತು ವರ್ಷವಾದರೂ ಇಡುವುದೇ ಲೇಸು.

ಉತ್ತರ 2:
ಬಡಿಸುವ ಕ್ರಮದಿಂದಲೂ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಎಳೆಯ ಬರೋಲೊವನ್ನು ಅಗಲ ತಳದ ಡಿಕ್ಯಾಂಟರಿಗೆ (ವೈನ್ ಸುರಿದಿಡುವ ಗಾಜಿನ ಹೂಜಿ) ಸುರಿದು 2 ಗಂಟೆ ಬಿಡಿ. ಬರೀ ಕಾರ್ಕ್ ತೆಗೆದಿಟ್ಟರೆ ಪ್ರಯೋಜನವಿಲ್ಲ, ಬಾಟಲಿಯ ಕತ್ತಿನಲ್ಲಿ ಗಾಳಿ ತಾಗುವ ಜಾಗ ನಾಣ್ಯದಷ್ಟು. ಗಾಳಿಯಿಂದ ಪರಿಮಳ ಬಿಚ್ಚಿಕೊಳ್ಳುತ್ತದೆ. ಟ್ಯಾನಿನ್ ಮಾತ್ರ ಮಾಯವಾಗದು, ಅದನ್ನು ತಗ್ಗಿಸುವುದು ಊಟ. ತಾಪಮಾನ 16ರಿಂದ 18 ಡಿಗ್ರಿ ಇರಲಿ. ತೀರಾ ತಂಪಾದರೆ ಒಗರು ಇನ್ನೂ ಎದ್ದು ಕಾಣುತ್ತದೆ, 20 ದಾಟಿದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ.

ಇಪ್ಪತ್ತು ವರ್ಷದ ಬಾಟಲಿಗೆ ಈ ಕ್ರಮ ಬೇಡ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿದ ಮೇಲೆ ಬಡಿಸುವ ಹೊತ್ತಿಗೆ ನಿಧಾನ ಬಗ್ಗಿಸಿ. ಕತ್ತಿಗೆ ಗಸಿಯ ಎಳೆ ಬಂದ ಕ್ಷಣ ನಿಲ್ಲಿಸಬೇಕು.

ಉತ್ತರ 3:
ಆ ಪಾಸ್ತಾವೇ ತಪ್ಪು ಜೋಡಿ. ಟೊಮೆಟೊದ ಹುಳಿ ವೈನಿನ ಹುಳಿಗೆ ಸೇರಿತು, ಟ್ಯಾನಿನ್ ಹಿಡಿಯಲು ಕೊಬ್ಬಿಲ್ಲ, ಪ್ರೋಟೀನ್ ಇಲ್ಲ. ಮೇಲಿಂದ ಮೆಣಸಿನ ಖಾರ ಆಲ್ಕೋಹಾಲಿನ ಉರಿಯನ್ನು ಏರಿಸಿತು. ಬೆಣ್ಣೆ, ಮೊಟ್ಟೆಯ ಹಳದಿ, ನಿಧಾನ ಬೆಂದ ಮಾಂಸ, ಹಳೆಯ ಚೀಸ್, ಈ ದಿಕ್ಕಿಗೆ ಹೋಗಿ. ಪಿಯೆಮೊಂತೆಯವರೇ ತಿನ್ನುವ ತಾಯಾರಿನ್ ಇದೆ: ಮೊಟ್ಟೆಯ ಹಳದಿ ಹೇರಳವಾಗಿ ಹಾಕಿ ನಾದಿದ ಸಣ್ಣ ಎಳೆಯ ಪಾಸ್ತಾ, ಬರೀ ಬೆಣ್ಣೆಯಲ್ಲಿ ಹೊರಳಿಸಿ ಮೇಲೆ ಆಲ್ಬಾದ ಬಿಳಿ ಟ್ರಫಲ್ (ನೆಲದಡಿ ಬೆಳೆಯುವ ಅಣಬೆ) ಹಸಿಯಾಗಿಯೇ ತುರಿದದ್ದು. ಚೀಸಿಗೆ ಕಾಸ್ತೆಲ್ಮಾಞೊ. ಮೀನು ಬೇಡ, ಬಾಯಲ್ಲಿ ಲೋಹದ ರುಚಿ ಉಳಿಯುತ್ತದೆ.

ಮುಖ್ಯ ಜೋಡಿ ಬ್ರಸಾತೊ, ಅಂದರೆ ವೈನಿನಲ್ಲಿ ನಿಧಾನ ಬೇಯಿಸಿದ ಮಾಂಸ. 1 ಕಿಲೋ ದನದ ಭುಜದ ಮಾಂಸ ಇಡಿಯಾಗಿ. ಈರುಳ್ಳಿ 1, ಕ್ಯಾರೆಟ್ 2, ಸೆಲೆರಿ 2 ದಂಟು, ಲವಂಗ 4, ಬೇ ಎಲೆ 2, ಒಂದು ಕಡ್ಡಿ ರೋಸ್ಮರಿ, 750 ಮಿ.ಲೀ. ವೈನ್. ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಮಾಂಸವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒದ್ದೆಯಾಗಿಯೇ ಪಾತ್ರೆಗೆ ಹಾಕಿದರೆ ಹಬೆಯಲ್ಲಿ ಬೇಯುತ್ತದೆ ಹೊರತು ಕೆಂಪಗೆ ಹುರಿಯುವುದಿಲ್ಲ, ಸಾಸಿನ ಆಳವೇ ಹೋಯಿತು. ಹುರಿದ ಮೇಲೆ ತರಕಾರಿ, ವೈನ್ ಸೇರಿಸಿ ಮುಚ್ಚಳ ಹಾಕಿ 3 ಗಂಟೆ, ಆಗೊಂದು ಈಗೊಂದು ಗುಳ್ಳೆ ಏಳುವಷ್ಟೇ ಉರಿ. ಕೊತಕೊತ ಕುದಿಸಿದರೆ ನಾರು ಬಿಗಿದು ಮಾಂಸ ಒಣಗುತ್ತದೆ.

ಪ್ರಶ್ನೆ ಕೇಳಿದವರು:
ಉಳಿದ ಬಾಟಲಿಯನ್ನೇ ಪಾತ್ರೆಗೆ ಸುರಿಯಬೇಕೆ?

ಉತ್ತರ 3:
ಖಂಡಿತ ಬೇಡ. ಸಂಪ್ರದಾಯದ ಹೆಸರು ಬ್ರಸಾತೊ ಅಲ್ ಬರೋಲೊ (ಬರೋಲೊದಲ್ಲಿ ಬೇಯಿಸಿದ ಬ್ರಸಾತೊ) ನಿಜ, ಆದರೆ ಮೂರು ಗಂಟೆ ಕುದಿದ ಮೇಲೆ ಗುಲಾಬಿಯ ಪರಿಮಳ ಎಲ್ಲಿ ಉಳಿಯುತ್ತದೆ? ಪಾತ್ರೆಗೆ ಲಾಂಗೆ ನೆಬ್ಬಿಯೋಲೊ ಸಾಕು. ಅದೇ ದ್ರಾಕ್ಷಿ, ಬೆಲೆ ಕಡಿಮೆ. ಸಾಸನ್ನು ಅತಿಯಾಗಿ ಇಂಗಿಸಬೇಡಿ, ಟ್ಯಾನಿನ್ ಮಂದವಾಗಿ ಕಹಿಯಾಗುತ್ತದೆ. ತರಕಾರಿಯನ್ನು ಅದರಲ್ಲೇ ಅರೆದು ಸೋಸಿದರೆ ಗಟ್ಟಿಯೂ ಆಗುತ್ತದೆ, ಸಣ್ಣ ಸಿಹಿಯೂ ಬರುತ್ತದೆ. ಬರೋಲೊ ಗ್ಲಾಸಿನಲ್ಲಿರಲಿ.